ಕೈ ಕೊಡುವ ಇಂಗ್ಲಿಷ್ ನುಡಿಗಟ್ಟು

ಇಂಗ್ಲಿಷಿನಲ್ಲಿ ‘ಲೆಂಡ್ ಎ ಹ್ಯಾಂಡ್’ ಅಂದ್ರೆ ನೆರವಾಗು. ಕನ್ನಡದಲ್ಲಿ ‘ಕೈ ಕೊಟ್ಟ’ ಅಂದ್ರೆ ಮೋಸ ಮಾಡಿದ. ‘ಸ್ಪಿಲ್ ದ ಬೀನ್ಸ್’ ಅಂದ್ರೆ ಗುಟ್ಟು ಬಿಟ್ಟುಕೊಡೋದು. ಹುರುಳಿಕಾಯಿಗೂ ಗುಟ್ಟಿಗೂ ಏನು ನಂಟು ಅಂತ ಎಷ್ಟು ತಲೆ ಕೆರೆದುಕೊಂಡರೂ ಹೊಳೆಯಲ್ಲ. ನುಡಿಗಟ್ಟು ಚಿಕ್ಕಂದಿನಿಂದ ಕಿವಿಗೆ ಬಿದ್ದಿರಬೇಕು, ಇಲ್ಲಾಂದ್ರೆ ಪಟ್ಟಿ ಇಟ್ಟುಕೊಂಡು ಉರು ಹೊಡೀಬೇಕು.

ಇದನ್ನೇ ಕೇಂದ್ರ ಸರ್ಕಾರಿ ನೌಕರಿಗೆ ಜರಡಿ ಮಾಡಿದ್ರೆ? ಎಸ್‌ಎಸ್‌ಸಿಯ ಸಿಜಿಎಲ್ ಮೊದಲ ಹಂತದ 200 ಅಂಕಗಳಲ್ಲಿ 50 ಇಂಗ್ಲಿಷಿಗೆ. ಅದರಲ್ಲಿ ನುಡಿಗಟ್ಟಿನ ಪ್ರಶ್ನೆಗಳೂ ಬರುತ್ತವೆ. ತಪ್ಪಿದರೆ ಅರ್ಧ ಅಂಕ ಖೋತಾ. ಉಳಿದ ವಿಷಯಗಳನ್ನು ಹಿಂದಿಯವರು ತಮ್ಮ ಭಾಷೆಯಲ್ಲೇ ಓದಿ ಉತ್ತರಿಸಬಹುದು, ಕನ್ನಡಿಗರಿಗೆ ಆ ಅವಕಾಶವಿಲ್ಲ. 2023ರಲ್ಲಿ ಎಂಟಿಎಸ್ ಪರೀಕ್ಷೆಗೆ ಕನ್ನಡ ಬಂತು, ಸಿಜಿಎಲ್ ಮಾತ್ರ ಹಿಂದಿ-ಇಂಗ್ಲಿಷಿನಲ್ಲೇ ಉಳಿಯಿತು.

ನಾನು ಇಂಗ್ಲಿಷ್ ಬೇಡ ಅಂತಿಲ್ಲ. ಕಡತ ಓದಿ ಟಿಪ್ಪಣಿ ಬರೆಯೋ ಇಂಗ್ಲಿಷನ್ನು ಧಾರಾಳವಾಗಿ ಪರೀಕ್ಷಿಸಿ. ಆದರೆ ಬೀನ್ಸ್ ಚೆಲ್ಲಿದ್ರೆ ಏನರ್ಥ ಅಂತ ಕೇಳಿದಾಗ ನೀವು ಅಳೆಯೋದು ಅಭ್ಯರ್ಥಿಯ ಅಪ್ಪ-ಅಮ್ಮ ಓದಿದ ಶಾಲೆಯನ್ನು. ಆ ಪ್ರಶ್ನೆ ಕೈಬಿಡಿ, ಸಿಜಿಎಲ್ ಕನ್ನಡದಲ್ಲೂ ಕೊಡಿ. ಆಮೇಲೆ ಯಾರು ಜಾಣರು ಅಂತ ನೋಡೋಣ.