ಟರ್ಕಿ ಕೋಳಿಯ ಖೀಮಾ, ನಮ್ಮ ಶಾವಿಗೆ

ಗೋವೆಯ ವಾಸ್ಕೋ ಪಕ್ಕದ ಬಾಯ್ನಾದಲ್ಲಿ ನಮ್ಮ ಉತ್ತರ ಕರ್ನಾಟಕದ ಅನೇಕ ಕುಟುಂಬಗಳು ತಲೆಮಾರುಗಳಿಂದ ನೆಲೆಸಿವೆ. ಅವರ ಮಕ್ಕಳು ಈಗ ಅಂಗಡಿಯಿಂದ ಪಾಸ್ತಾ ಪೊಟ್ಟಣವನ್ನೂ ಅದರ ಮೇಲೆ ಸುರಿಯುವ ಕೆಂಪು ಸಾಸಿನ ಶೀಶೆಯನ್ನೂ ತರುತ್ತಾರೆ. ತಿನ್ನಬಾರದೆಂದು ನಾವು ಹೇಳುವುದಿಲ್ಲ. ಆದರೆ ಆ ಶೀಶೆಗೆ ಕೊಡುವ ದುಡ್ಡು ನಮ್ಮ ರೈತರ ಕೈಗೇ ಬರಬಹುದಲ್ಲ! ಸಾಸನ್ನು ಮನೆಯಲ್ಲಿಯೇ ಮಾಡಬೇಕು, ಅದಕ್ಕೆ ಬೇಕಾದ ಮಾಂಸವನ್ನು ಹಿತ್ತಿಲುಳ್ಳ ಗಡಿಯಾಚೆಯ ನಮ್ಮ ಬಂಧುಗಳು ಟರ್ಕಿ ಕೋಳಿ ಸಾಕಿ ಒದಗಿಸಬೇಕು ಎಂಬುದು ನಮ್ಮ ಅಭಿಪ್ರಾಯ.

ಪಾಸ್ತಾ ಎಂದರೆ ಬೆರಗಾಗತಕ್ಕ ವಸ್ತುವೇನಲ್ಲ. ಡ್ಯೂರಂ ಎಂಬ ಗಟ್ಟಿ ಗೋಧಿಯ ರವೆಯನ್ನು ನಾದಿ, ಅಚ್ಚಿನಿಂದ ಒತ್ತಿ ಒಣಗಿಸಿದ್ದು. ಧಾರವಾಡ, ವಿಜಯಪುರ ಸೀಮೆಯ ಎರೆಹೊಲಗಳಲ್ಲಿ ಬೆಳೆದ ಬಿಜಗಾ ಹಳದಿಯೂ ಡ್ಯೂರಂ ಗೋಧಿಯೇ. ನಮ್ಮ ತಾಯಂದಿರು ಮಣೆಯ ಮೇಲೆ ಹೊಸೆದು ಕೋಲಿಗೆ ಹಾಕಿ ಒಣಗಿಸುವ ಶಾವಿಗೆ ಪಾಸ್ತಾದ ಒಡಹುಟ್ಟು. ಅದನ್ನು ಬೆಲ್ಲ ಹಾಲಿನೊಡನೆ ಮಾತ್ರ ಉಣ್ಣಬೇಕೆಂಬ ಕಟ್ಟಳೆ ಎಲ್ಲಿಯೂ ಇಲ್ಲ.

ಟರ್ಕಿಯೂ ಗೋವೆಗೆ ಹೊಸದಲ್ಲ. ಮೆಣಸಿನಕಾಯಿ, ಟೊಮೇಟೊಗಳಂತೆ ಇದರ ಮೂಲವೂ ಅಮೆರಿಕ ಖಂಡ. 1612ರಲ್ಲಿ ಮುಕರ್ರಬ್ ಖಾನನು ಗೋವೆಯಿಂದ ಒಯ್ದ ಟರ್ಕಿ ಹುಂಜವನ್ನು ಕಂಡು ಜಹಾಂಗೀರ ಬಾದಶಹನು ಬೆರಗಾಗಿ, ಉಸ್ತಾದ್ ಮನ್ಸೂರನಿಂದ ಅದರ ಚಿತ್ರ ಬರೆಸಿದನು.

ಇಲ್ಲಿ ತೊಡಕು ಒಂದುಂಟು. ಟರ್ಕಿಯನ್ನು ಇಡಿಯಾಗಿ ಕೇಳುವವರು ಕ್ರಿಸ್‌ಮಸ್ ಹಬ್ಬದವರು. ಆಗ ಮಾರದೆ ಉಳಿದ ಹುಂಜ ಜನವರಿಯಲ್ಲಿಯೂ ದಿನದಿನ ಕಾಳು ತಿನ್ನುತ್ತದೆ. ದಲ್ಲಾಳಿ ಕೇಳಿದ ಬೆಲೆಗೆ ಕೊಡಬೇಕಾಗುತ್ತದೆ. ಆರೇಳು ಕಿಲೋ ತೂಗುವ ಹಕ್ಕಿಯನ್ನು ಬಾಯ್ನಾದ ಒಂದು ಚಿಕ್ಕ ಮನೆ ಹೇಗೆ ತೀರಿಸೀತು? ಆದುದರಿಂದಲೇ ಅದನ್ನು ಖೀಮಾ ಮಾಡಿ ಕಿಲೋ, ಅರ್ಧ ಕಿಲೋ ಲೆಕ್ಕದಲ್ಲಿ ಮಾರಬೇಕೆನ್ನುತ್ತೇವೆ. ನಾಲ್ಕು ಮನೆಯವರು ಕೂಡಿ ಒಂದನ್ನು ಕೊಂಡರೂ ಆಯಿತು.

ಸಾಕುವವರು ಎರಡು ಮಾತು ನೆನಪಿಡಬೇಕು. ಟರ್ಕಿ ಮೊಟ್ಟೆ ಮರಿಯಾಗಲು 28 ದಿನ ಬೇಕು, ಕೋಳಿಗೆ ಬೇಕಾದ 21 ಅಲ್ಲ. ಹುಟ್ಟಿದ ಮರಿಗಳು ತಿನ್ನುವುದನ್ನು ಬೇಗ ಕಲಿಯವು. ಮೊದಲ ದಿನಗಳಲ್ಲಿ ಬೇಯಿಸಿದ ಮೊಟ್ಟೆ, ಹೆಚ್ಚಿದ ಸೊಪ್ಪು ಮುಂದಿಟ್ಟು ಬಾಯಿಗೆ ರೂಢಿ ಮಾಡಿಸಬೇಕು. ಇನ್ನು, ನಾಟಿ ಕೋಳಿಗಳೊಡನೆ ಇವನ್ನು ಕೂಡಿಹಾಕಲೇಬಾರದು. ಕೋಳಿಯನ್ನು ಅಷ್ಟಾಗಿ ಬಾಧಿಸದ ಬ್ಲ್ಯಾಕ್‌ಹೆಡ್ ರೋಗ ಟರ್ಕಿಯ ಯಕೃತ್ತನ್ನೇ ಕೆಡಿಸಿ ಕೊಲ್ಲುತ್ತದೆ.

“ಟರ್ಕಿ ಮಾಂಸ ಒಣಕಲು, ಕುರಿಯ ರುಚಿ ಎಲ್ಲಿಂದ ಬರಬೇಕು?” ಎನ್ನುವವರಿದ್ದಾರೆ. ಎದೆಯ ಮಾಂಸದ ಮಟ್ಟಿಗೆ ಅದು ನಿಜ. ಸಾಸಿಗೆ ಬೇಕಾದುದು ತೊಡೆ ಮತ್ತು ಕಾಲಿನ ಕಪ್ಪು ಮಾಂಸ. ಕಾಲಿನಲ್ಲಿ ಎಲುಬಿನಂತೆ ಬಿರುಸಾದ ನರಗಳಿರುತ್ತವೆ. ಅವನ್ನು ಕಿತ್ತು ಹಾಕಿದ ಮೇಲೆಯೇ ಕೊಚ್ಚಬೇಕು. ಎಲುಬುಗಳನ್ನು ಬೇರೆ ಪಾತ್ರೆಯಲ್ಲಿ ಕುದಿಸಿ ರಸ ಇಳಿಸಿಕೊಳ್ಳಿರಿ.

ಒಂದು ಕಿಲೋ ಖೀಮಾಕ್ಕೆ ಒಂದು ಕಿಲೋ ಹಣ್ಣು ಟೊಮೇಟೊ, ನಾಲ್ಕು ಉಳ್ಳಾಗಡ್ಡಿ, ಒಂದು ಗಡ್ಡೆ ಬೆಳ್ಳುಳ್ಳಿ, ಆರು ಬ್ಯಾಡಗಿ ಮೆಣಸಿನಕಾಯಿ ಸಾಕು. ಬ್ಯಾಡಗಿ ಬಣ್ಣ ಕೊಡುತ್ತದೆ, ಬಾಯಿ ಸುಡದು. ಅಗಲ ಬಾಣಲೆಯಲ್ಲಿ ಎಣ್ಣೆ ಕಾಯಿಸಿ ಖೀಮಾವನ್ನು ಸ್ವಲ್ಪ ಸ್ವಲ್ಪವಾಗಿ ಹುರಿಯಬೇಕು. ಒಮ್ಮೆಲೆ ಸುರಿದರೆ ನೀರು ಬಿಟ್ಟು ಬೇಯುತ್ತದೆ, ಕೆಂಪಗಾಗುವುದಿಲ್ಲ. ರುಚಿಯೆಲ್ಲ ಆ ಕೆಂಪಿನಲ್ಲಿದೆ. ಅದನ್ನು ತೆಗೆದಿಟ್ಟು ಅದೇ ಬಾಣಲೆಯಲ್ಲಿ ಉಳ್ಳಾಗಡ್ಡಿ, ಬೆಳ್ಳುಳ್ಳಿ, ನೆನೆಸಿ ಅರೆದ ಮೆಣಸಿನಕಾಯಿ ಬಾಡಿಸಿ, ಹೆಚ್ಚಿದ ಟೊಮೇಟೊ ಹಾಕಿ ಕರಗಿಸಬೇಕು. ಬಳಿಕ ಖೀಮಾ, ಉಪ್ಪು, ಎಲುಬಿನ ರಸ ಕೂಡಿಸಿ ಸಣ್ಣ ಉರಿಯಲ್ಲಿ ಒಂದು ತಾಸಿಗೂ ಮಿಕ್ಕಿ ಬಿಡಿರಿ. ಹುಳಿ ಸಾಲದಿದ್ದರೆ ಗೋವೆಯ ತೆಂಗಿನ ಕಳ್ಳಿನ ವಿನೆಗರ್ ಒಂದು ಚಮಚ. ನಮ್ಮ ನಾಲಿಗೆಗೆ ಇದು ಶೀಶೆಯ ಸಾಸಿಗಿಂತ ಎಷ್ಟೋ ಮೇಲು.

ಶಾವಿಗೆಯನ್ನು ತುಸು ಗಟ್ಟಿ ಇರುವಾಗಲೇ ಬಸಿದು ಬಿಸಿ ಸಾಸಿನಲ್ಲಿ ಹೊರಳಿಸಿರಿ. ಉಳಿದ ಸಾಸು ಫ್ರಿಜ್ಜಿನಲ್ಲಿ ಮೂರು ದಿನ ತಡೆಯುತ್ತದೆ. ಹಸಿ ಖೀಮಾ ಮಾತ್ರ ಮರುದಿನದೊಳಗೆ ಒಲೆ ಏರಬೇಕು. ಬಾಯ್ನಾಕ್ಕೆ ಕಳಿಸುವವರು ಬರ್ಫದಲ್ಲಿಟ್ಟು ಕಳಿಸತಕ್ಕದ್ದು.