ತಿಂಡಿ ಐದನೇ ತರಗತಿಗೇ ನಿಂತರೆ ಆರನೇ ತರಗತಿಯ ಓದು ಹೇಗೆ?

ತಾಳವಾಡಿ: ತಮಿಳುನಾಡಿನ ಮುಖ್ಯಮಂತ್ರಿ ಬೆಳಗಿನ ಉಪಾಹಾರ ಯೋಜನೆ 2022ರ ಸೆಪ್ಟೆಂಬರ್ 15ರಂದು ಮಧುರೆಯಲ್ಲಿ ಆರಂಭವಾಯಿತು. 2023ರ ಆಗಸ್ಟ್‌ನಲ್ಲಿ ಎಲ್ಲ ಸರಕಾರಿ ಪ್ರಾಥಮಿಕ ಶಾಲೆಗಳಿಗೆ ವಿಸ್ತರಣೆಯಾದಾಗ ತಾಳವಾಡಿ, ಹೊಸೂರು ಭಾಗದ ಕನ್ನಡ ಶಾಲೆಗಳೂ ಅದರೊಳಗೆ ಬಂದವು. ಉಪ್ಪಿಟ್ಟು, ಪೊಂಗಲ್, ಕಿಚಡಿ, ಜತೆಗೆ ಸಾಂಬಾರ್. 2024ರಲ್ಲಿ ಗ್ರಾಮೀಣ, 2025ರಲ್ಲಿ ನಗರದ ಅನುದಾನಿತ ಶಾಲೆಗಳೂ ಸೇರಿದವು. ಶಾಲೆಗಳ ಸಂಖ್ಯೆ ಬೆಳೆಯುತ್ತ ಹೋದರೂ ಈ ಮೂರೂ ವಿಸ್ತರಣೆಗಳಲ್ಲಿ ತರಗತಿಯ ಮಿತಿ ಮಾತ್ರ ಐದನ್ನು ದಾಟಲಿಲ್ಲ.

ಗಡಿಯಾಚೆಯ ಚಾಮರಾಜನಗರದಲ್ಲಿ ನೆಂಟರಿರುವವರು ಎರಡೂ ಕಡೆಯನ್ನು ಹೋಲಿಸದೆ ಇರಲಾರರು. ಕರ್ನಾಟಕದಲ್ಲಿ ಬೆಳಗಿನ ತಿಂಡಿ ಇಲ್ಲ. ಆದರೆ 2013ರಲ್ಲಿ ಆರಂಭವಾದ ಕ್ಷೀರಭಾಗ್ಯದ ಹಾಲು ಹತ್ತನೇ ತರಗತಿಯವರೆಗೂ ಇದೆ. 2024ರಲ್ಲಿ ವಾರಕ್ಕೆ ಮೂರು ದಿನ ಅದಕ್ಕೆ ರಾಗಿ ಮಾಲ್ಟ್ ಸೇರಿತು. ತಮಿಳುನಾಡಿನಲ್ಲಿ ದೊಡ್ಡ ಮಕ್ಕಳಿಗೆ ಮಧ್ಯಾಹ್ನದ ಊಟವೂ ಮೊಟ್ಟೆಯೂ ಉಂಟು, ಬೆಳಗಿನ ಹೊತ್ತು ಮಾತ್ರ ಖಾಲಿ.

ಈ ಖಾಲಿ ಹೊತ್ತೇ ಮುಖ್ಯ. ಸುಮ್ಮನೆ ಕುಳಿತಾಗಲೂ ದೇಹದ ಶಕ್ತಿಯಲ್ಲಿ ಸುಮಾರು ಐದನೇ ಒಂದು ಪಾಲನ್ನು ದೊಡ್ಡವರ ಮೆದುಳೇ ಬಳಸುತ್ತದೆ. ಮಕ್ಕಳಲ್ಲಿ ಈ ಪಾಲು ಇನ್ನೂ ಹೆಚ್ಚು. ರಾತ್ರಿ ಎಂಟಕ್ಕೆ ಉಂಡ ಮಗು ಮರುದಿನ ಮಧ್ಯಾಹ್ನದವರೆಗೆ ಏನೂ ತಿನ್ನದಿದ್ದರೆ ಹದಿನಾರು ಗಂಟೆ ಉಪವಾಸ. ಗಣಿತದ ಪಾಠ ಸಾಮಾನ್ಯವಾಗಿ ಬೀಳುವುದು ಆ ಹೊತ್ತಿನಲ್ಲೇ. ಜಮೈಕಾದ ಹಳ್ಳಿ ಶಾಲೆಗಳಲ್ಲಿ ಒಂದು ವರ್ಷ ಬೆಳಗಿನ ತಿಂಡಿ ಕೊಟ್ಟು ನೋಡಿದ ಅಧ್ಯಯನವೊಂದು 1998ರಲ್ಲಿ ಪ್ರಕಟವಾಗಿದೆ. ಹಾಜರಾತಿ ತುಸು ಏರಿತು, ಚಿಕ್ಕ ತರಗತಿಯವರ ಲೆಕ್ಕ ಸುಧಾರಿಸಿತು. ದೊಡ್ಡ ಪವಾಡವೇನಲ್ಲ, ಆದರೆ ದಿಕ್ಕು ಸ್ಪಷ್ಟ.

ಎಲ್ಲವನ್ನೂ ಸರಕಾರದ ತಲೆಗೆ ಕಟ್ಟುವಂತಿಲ್ಲ. ಬಸ್ಸಿನ ಗಡಿಬಿಡಿಯಲ್ಲಿ ಒಂದು ಲೋಟ ಟೀ, ಎರಡು ಬಿಸ್ಕತ್ತು ಕೊಟ್ಟು ಕಳುಹಿಸುವ ಮನೆಗಳು ಬೇಕಾದಷ್ಟಿವೆ. ಸಕ್ಕರೆ, ಮೈದಾ ಬೇಗ ಕರಗಿ ಹೋಗುತ್ತವೆ, ಹಸಿವು ಬೇಗ ಮರಳುತ್ತದೆ. ಟೀಯಲ್ಲಿರುವ ಒಗರಿನಂಶವೋ, ಆಹಾರದ ಕಬ್ಬಿಣವನ್ನು ದೇಹ ಹೀರದಂತೆ ತಡೆಯುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ ಶೇ. 59ರಷ್ಟು ಮಂದಿಗೆ ರಕ್ತಹೀನತೆ. ಪುಸ್ತಕ ಹಿಡಿದೊಡನೆ ತೂಕಡಿಸುವ ಹುಡುಗಿಯನ್ನು ಸೋಮಾರಿ ಎನ್ನುವ ಮೊದಲು ಒಮ್ಮೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸುವುದು ಲೇಸು.

ವಿಚಿತ್ರವೆಂದರೆ, ಪರಿಹಾರ ಈ ಸೀಮೆಯ ಹೊಲದಲ್ಲೇ ಬೆಳೆಯುತ್ತದೆ. ಬೆಳಗ್ಗೆ ಅರ್ಧ ಮುದ್ದೆ, ಉಪ್ಸಾರು, ಒಂದು ಹಿಡಿ ಬೇಯಿಸಿದ ಹುರುಳಿಕಾಳು. ನಿಂಬೆ ಹಿಂಡಿದರೆ ಕಬ್ಬಿಣ ಮೈಗೆ ಹತ್ತುವುದೂ ಹೆಚ್ಚು. ಅದಕ್ಕೂ ಹೊತ್ತಿಲ್ಲದ ದಿನ ಮಜ್ಜಿಗೆ ಬೆರೆಸಿದ ರಾಗಿ ಅಂಬಲಿ ಸಾಕು. ಟೀ ಬೇಕೇ ಬೇಕೆನ್ನುವವರು ತಿಂಡಿಯಾಗಿ ಒಂದು ಗಂಟೆ ಬಿಟ್ಟು ಕುಡಿಯಲಿ.

ಆದರೆ ನಸುಕಿಗೇ ಕೂಲಿಗೆ ಹೊರಡುವ ತಾಯಿಗೆ ಒಲೆ ಹಚ್ಚುವ ಪುರಸೊತ್ತೂ ಇರುವುದಿಲ್ಲ. ಅಂಥ ಮನೆಯ ಆರನೇ ತರಗತಿಯ ಮಗುವಿಗೆ ಶಾಲೆಯ ತಿಂಡಿಯೇ ದಾರಿ. ಒಂದರಿಂದ ಎಂಟರವರೆಗೆ ಒಂದೇ ಆವರಣದಲ್ಲಿರುವ ಮಾಧ್ಯಮಿಕ ಶಾಲೆಗಳಲ್ಲಿ ಐದರವರೆಗಿನವರಿಗಾಗಿ ಒಲೆ ಉರಿಯುತ್ತಲೇ ಇದೆ; ಬೇಕಿರುವುದು ದೊಡ್ಡ ಪಾತ್ರೆ, ಒಂದಷ್ಟು ಹೆಚ್ಚಿನ ರವೆ, ಅಕ್ಕಿ. ಶಾಲಾ ನಿರ್ವಹಣಾ ಸಮಿತಿಯಲ್ಲಿ ಹೆತ್ತವರೇ ಹೆಚ್ಚಿರುವುದರಿಂದ ಈ ಬೇಡಿಕೆಯನ್ನು ಅಲ್ಲಿ ನಿರ್ಣಯವಾಗಿ ಬರೆಸಿ ಗ್ರಾಮಸಭೆಯ ಮುಂದಿಡಬಹುದು.