ಕೊಳವೆಯ ಸತ್ಯ, ಮೈಯ ಸತ್ಯ

“ರಿಪೋರ್ಟಿನಲ್ಲೇ ಬಂದಿದೆಯಲ್ಲ, ಮತ್ತೆ ಯಾಕೆ ರಕ್ತ ತೆಗೆಸ್ತಾರೆ? ಎಲ್ಲಾ ದುಡ್ಡು ಮಾಡೋ ದಾರಿ.” ಆಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕ ಕೂತಿದ್ದ ಹಿರಿಯರೊಬ್ಬರು ಹೀಗೆಂದಾಗ ಸುತ್ತಲಿದ್ದವರೆಲ್ಲ ತಲೆಯಾಡಿಸಿದರು. ನನಗೆ ತಲೆಯಾಡಿಸಲು ಆಗಲಿಲ್ಲ. ಯಂತ್ರ ಅಳೆಯುವುದು ಕೊಳವೆಯೊಳಗೆ ಇರುವುದನ್ನು. ಅದೂ ರೋಗಿಯ ಮೈಯಲ್ಲಿ ಹರಿಯುವುದೂ ಒಂದೇ ಎಂಬುದು ನಮ್ಮ ನಂಬಿಕೆ. ಆ ನಂಬಿಕೆ ನಿಂತಿರುವುದು ರಕ್ತ ತೆಗೆದವರ ಕೈಯ ಎಚ್ಚರದ ಮೇಲೆ.

ಡ್ರಿಪ್ ಹಾಕಿದ ಕೈಯಿಂದಲೇ, ಸೂಜಿಯ ಮೇಲ್ಭಾಗದಲ್ಲಿ, ರಕ್ತ ತೆಗೆದರೆಂದು ಇಟ್ಟುಕೊಳ್ಳಿ. ಶೇ 5ರ ಡೆಕ್ಸ್‌ಟ್ರೋಸ್ ದ್ರಾವಣದ 100 ಮಿ.ಲೀ.ನಲ್ಲಿ 5000 ಮಿಲಿಗ್ರಾಂ ಸಕ್ಕರೆ ಇರುತ್ತದೆ. ಒಂಬತ್ತು ಪಾಲು ರಕ್ತಕ್ಕೆ ಅದರ ಒಂದೇ ಪಾಲು ಬೆರೆತರೂ 100 ಇದ್ದ ಶುಗರ್ 600ರ ಹತ್ತಿರ ಬಂದು ನಿಲ್ಲುತ್ತದೆ. ಅದನ್ನು ನಂಬಿ ಇನ್ಸುಲಿನ್ ಕೊಟ್ಟರೆ, ಸಕ್ಕರೆ ಕಾಯಿಲೆಯೇ ಇಲ್ಲದ ಮನುಷ್ಯ ಪ್ರಜ್ಞೆ ತಪ್ಪಿ ಬೀಳಬಹುದು.

ನೇರಳೆ ಮುಚ್ಚಳದ ಕೊಳವೆಯ ಕತೆ ಇನ್ನೂ ಸೂಕ್ಷ್ಮ. ರಕ್ತಕಣಗಳನ್ನು ಎಣಿಸಲು ಬಳಸುವ ಈ ಕೊಳವೆಯಲ್ಲಿ ಇಡಿಟಿಎ ಎಂಬ ರಾಸಾಯನಿಕದ ಪೊಟ್ಯಾಸಿಯಂ ಲವಣ ಇರುತ್ತದೆ. ಅದು ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುವುದರಿಂದ ರಕ್ತ ಹೆಪ್ಪುಗಟ್ಟುವುದಿಲ್ಲ. ಪಕ್ಕದ ಕೆಂಪು ಮುಚ್ಚಳದ ಕೊಳವೆಗೆ ರಕ್ತ ಸಾಲದೆ ಬಂತೆಂದು ನೇರಳೆಯದರಿಂದ ಒಂದಿಷ್ಟು ಸುರಿದರೆ ಮುಗಿಯಿತು: 3.5ರಿಂದ 5ರೊಳಗೆ ಇರಬೇಕಾದ ಪೊಟ್ಯಾಸಿಯಂ ಮೇಲಕ್ಕೆ ಹಾರುತ್ತದೆ, ಕ್ಯಾಲ್ಸಿಯಂ ಪಾತಾಳಕ್ಕಿಳಿಯುತ್ತದೆ. ಸತುವೂ ಮೆಗ್ನೀಸಿಯಮ್ಮೂ ಇಡಿಟಿಎಯ ಹಿಡಿತಕ್ಕೆ ಸಿಕ್ಕು, ಅವುಗಳನ್ನು ನೆಚ್ಚಿದ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವದ ಅಂಕಿ ಕೂಡ ಕುಸಿಯುತ್ತದೆ. ಕೆಂಪು, ಹಳದಿ ಕೊಳವೆಗಳು ತುಂಬಿದ ಮೇಲೆಯೇ ನೇರಳೆಯದು ಎಂಬ ಕ್ರಮ ಇರುವುದು ಇದಕ್ಕೇ. ಆ ಮೂರು ಅಂಕಿಗಳನ್ನು ಒಟ್ಟಿಗೆ ಓದಬಲ್ಲ ವೈದ್ಯರಿಗೆ ಕೊಳವೆಯಲ್ಲಿ ನಡೆದದ್ದು ಕಣ್ಣಿಗೆ ಕಟ್ಟುತ್ತದೆ. ಒಂದೇ ಅಂಕಿಗೆ ಕೆಂಪು ಗೆರೆ ಎಳೆದು ಔಷಧ ಬರೆಯುವವರಿಗೆ ಕಾಣುವುದಿಲ್ಲ.

ಮನೆಯಲ್ಲೂ ಇದೇ ಪಾಠ. ಕಿತ್ತಳೆ ಸುಲಿದ ಬೆರಳನ್ನು ತೊಳೆಯದೆ ಚುಚ್ಚಿ ನೋಡಿದರೆ ಗ್ಲೂಕೋಮೀಟರ್ ಹಣ್ಣಿನ ಸಕ್ಕರೆಯನ್ನೂ ಸೇರಿಸಿ ಲೆಕ್ಕ ಕೊಡುತ್ತದೆ. ಸ್ಪಿರಿಟ್ ಹತ್ತಿಯಲ್ಲಿ ಒರೆಸಿದರೆ ಸಾಲದು, ನೀರಿನಲ್ಲಿ ತೊಳೆಯಬೇಕು.

ನಾನು ಗೌರವಿಸುವ ಆಕ್ಷೇಪಗಳು ಎರಡಿವೆ. ಒಂದು, ಪೊಟ್ಯಾಸಿಯಂ ನಿಜಕ್ಕೂ ಏರಿದ್ದರೆ ಹೃದಯವೇ ನಿಲ್ಲಬಹುದು; ಅನುಮಾನಿಸುತ್ತ ಕೂತರೆ ಜೀವ ಹೋಗುತ್ತದೆ. ಒಪ್ಪುತ್ತೇನೆ. ಆದರೆ ಇಸಿಜಿ ಕೆಲವೇ ನಿಮಿಷಗಳ ಕೆಲಸ, ಇನ್ನೊಂದು ಕೈಯಿಂದ ರಕ್ತ ತೆಗೆಯುವುದೂ ಅಷ್ಟೇ. ರೋಗಿಯ ಸ್ಥಿತಿ ಕೆಟ್ಟಿದ್ದರೆ ಚಿಕಿತ್ಸೆ ಅದರ ಜೊತೆಗೇ ಶುರುವಾಗಲಿ. ಎರಡು, ಹೀಗೆ ಹೇಳಿಕೊಟ್ಟರೆ ಜನ ತಮಗೆ ಬೇಡವಾದ ಫಲಿತಾಂಶವನ್ನೆಲ್ಲ ಲ್ಯಾಬಿನ ತಪ್ಪೆಂದು ತಳ್ಳಿಹಾಕುತ್ತಾರೆ. ಈ ಭಯ ನನಗೂ ಇದೆ. ಅದಕ್ಕೇ ಹೇಳುತ್ತೇನೆ, ಅನುಮಾನಕ್ಕೂ ಆಧಾರ ಬೇಕು: ಅಂಕಿಗೂ ರೋಗಿಯ ಲಕ್ಷಣಕ್ಕೂ ತಾಳೆಯಾಗದಿರುವುದು, ಅಂಕಿ ಅಂಕಿಗೇ ಹೊಂದದಿರುವುದು. ಅಂಥ ಆಧಾರವಿಲ್ಲದೆ ಮೂರು ತಿಂಗಳ ಶುಗರ್ ಸರಾಸರಿಯನ್ನು ಅಲ್ಲಗಳೆಯುವುದು ಆತ್ಮವಂಚನೆ. ದೊಡ್ಡ ಲ್ಯಾಬು ತಪ್ಪುವುದಿಲ್ಲ ಎಂಬ ಮಾತಿಗೆ ಮಾತ್ರ ನನ್ನಲ್ಲಿ ಗೌರವವಿಲ್ಲ. ದೊಡ್ಡ ಯಂತ್ರವೂ ಕೆಟ್ಟ ಮಾದರಿಯನ್ನು ಅಷ್ಟೇ ನಿಖರವಾಗಿ ಅಳೆಯುತ್ತದೆ.

ನನ್ನನ್ನು ನಿಜವಾಗಿ ಕಾಡುವುದು ಬೇರೆ. ಯಂತ್ರಕ್ಕೆ ಲಕ್ಷಗಟ್ಟಲೆ ಸುರಿಯುವ ನಾವು, ನಸುಕಿನಿಂದ ಮನೆಮನೆ ಸುತ್ತಿ ರಕ್ತ ತೆಗೆಯುವ ಹುಡುಗಿಯ ತರಬೇತಿಗೂ ಬಿಡುವಿಗೂ ಬೆಲೆ ಕಟ್ಟುವುದಿಲ್ಲ. “ಸ್ಯಾಂಪಲ್ ಸರಿಯಾಗಿಲ್ಲ, ಇನ್ನೊಮ್ಮೆ ತೆಗೆಯಬೇಕು” ಎಂದರೆ ಮನೆಯವರೂ ಬೈಯುತ್ತಾರೆ, ಮೇಲಿನವರೂ ಬೈಯುತ್ತಾರೆ. ಹಾಗಿರುವಾಗ ಸಾಲದ ರಕ್ತವನ್ನು ಪಕ್ಕದ ಕೊಳವೆಯಿಂದ ಸುರಿದು ತುಂಬಿಸುವ ಆಸೆ ಯಾರಿಗೆ ಬರುವುದಿಲ್ಲ? ಆ ತಪ್ಪನ್ನು ಅವಳ ಕೈ ಮಾಡುತ್ತದೆ, ಮಾಡಿಸುವುದು ನಮ್ಮ ಬೈಗುಳ. ಆ ಮಾತನ್ನು ಹೇಳುವ ಧೈರ್ಯ ಅವಳಿಗೆ ಬಂದ ದಿನ ನಾವು ಗೊಣಗದೆ ಇನ್ನೊಂದು ತೋಳು ಚಾಚಬೇಕು.